ರ‍್ಯಾಲಿ ಚಾಲಕರು ಮುಂದೆ ಸ್ವಂತ ತಂಡ ಕಟ್ಟಿ ಗೆದ್ದದ್ದು ಇದೆಯಾ? ಕಾರು ಓಡಿಸಿದ ಅನುಭವ ಮಾಲೀಕನಿಗೆ ಉಪಯೋಗಕ್ಕೆ ಬರುತ್ತಾ?

ಇದೆ, ಬೇಕಾದಷ್ಟು ಜನ ಇದ್ದಾರೆ. ಒಬ್ಬರನ್ನೇ ಹೇಳಿ ಅಂದರೆ ನಾನು ಸ್ವೀಡನ್ನಿನ ಓವೆ ಆಂಡರ್ಸನ್ ಹೆಸರು ಹೇಳುತ್ತೇನೆ. ನಮ್ಮ ಕರ್ನಾಟಕದ ಕೆ-1000 ರ‍್ಯಾಲಿ ನೋಡಿ ಈ ಆಟದ ಹುಚ್ಚು ಹತ್ತಿಸಿಕೊಂಡವನು ನಾನು. ಆಮೇಲೆ ಹೊರದೇಶದ ತಂಡಗಳ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಅದರಲ್ಲಿ ನನಗೆ ಅತಿ ಜಾಸ್ತಿ ಹಿಡಿಸಿದ್ದು ಇವರ ಕಥೆ. ಟೊಯೋಟಾ ಅಂದರೆ ನಮಗೆ ಬಿಡದಿ, ಕ್ವಾಲಿಸ್, ಇನ್ನೋವಾ ಅಲ್ವಾ? ಆ ಕಂಪನಿಗೆ ರ‍್ಯಾಲಿಯಲ್ಲಿ ಹೆಸರು ತಂದುಕೊಟ್ಟವರು ಆಂಡರ್ಸನ್.

ಚಾಲಕರಾಗಿದ್ದ ಕಾಲದ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಹುಟ್ಟಿದ್ದು 1938ರಲ್ಲಿ, ಉಪ್ಸಾಲಾದಲ್ಲಿ. ಸಾಬ್, ಲಾನ್ಸಿಯಾ, ಫೋರ್ಡ್ ಹೀಗೆ ಹಲವು ಕಂಪನಿಗಳಿಗೆ ಓಡಿಸಿದರು. 1967ರ ಮಾಂಟೆ ಕಾರ್ಲೊ ರ‍್ಯಾಲಿಯಲ್ಲಿ ಬರೀ 13 ಸೆಕೆಂಡಿನಲ್ಲಿ ಗೆಲುವು ಕೈತಪ್ಪಿತು. 1971ರಲ್ಲಿ ಆಲ್ಪೀನ್ ಕಾರಿನಲ್ಲಿ ಅದನ್ನೇ ಗೆದ್ದರು. ಅದೇ ವರ್ಷ ಸ್ಯಾನ್ ರೆಮೊ, ಆಸ್ಟ್ರಿಯನ್ ಆಲ್ಪೈನ್, ಅಕ್ರೊಪೊಲಿಸ್ ಕೂಡ ಅವರದೇ. ಆಗಿನ್ನೂ ಚಾಲಕರಿಗೆ ವಿಶ್ವ ಚಾಂಪಿಯನ್ ಪಟ್ಟ ಇರಲಿಲ್ಲ. ಇದ್ದಿದ್ದರೆ ಆ ವರ್ಷ ಇವರಿಗೇ ಸಿಗಬೇಕಿತ್ತು ಅಂತ ನನ್ನ ಅಭಿಪ್ರಾಯ.

ಮರುವರ್ಷ, 1972ರಲ್ಲಿ, ಬ್ರಿಟನ್ನಿನ ಆರ್‌ಎಸಿ ರ‍್ಯಾಲಿಗೆ ಒಂದು ಟೊಯೋಟಾ ಸೆಲಿಕಾ ತೆಗೆದುಕೊಂಡು ಹೋದರು. ಒಂಬತ್ತನೆಯವರಾಗಿ ಮುಗಿಸಿದರು. ಯುರೋಪಿನಲ್ಲಿ ಆಗ ಟೊಯೋಟಾವನ್ನು ರ‍್ಯಾಲಿಗೆ ಲಾಯಕ್ಕಾದ ಕಾರು ಅಂತ ಯಾರೂ ನೋಡುತ್ತಿರಲಿಲ್ಲ. ಅಂಥ ಹೊತ್ತಲ್ಲಿ ಅದೇ ಕಾರು ನಂಬಿ ಉಪ್ಸಾಲಾದಲ್ಲಿ ಸ್ವಂತ ತಂಡ ಶುರು ಮಾಡಿದರು: ಸಣ್ಣದೊಂದು ಗ್ಯಾರೇಜು, ಕೈಬೆರಳಲ್ಲಿ ಎಣಿಸುವಷ್ಟು ಜನ. ಶುರುವಾದ ಸ್ವಲ್ಪ ದಿನಕ್ಕೇ 1973ರ ತೈಲ ಬಿಕ್ಕಟ್ಟು ಬಂತು. ಪೆಟ್ರೋಲಿಗೇ ಪರದಾಡುವ ಕಾಲದಲ್ಲಿ ರ‍್ಯಾಲಿಗೆ ಯಾವ ಕಂಪನಿ ದುಡ್ಡು ಸುರಿಯುತ್ತದೆ? ಆದರೂ ಅವರು ಬಿಡಲಿಲ್ಲ. 1975ರಲ್ಲಿ ತಂಡ ಬ್ರಸೆಲ್ಸ್‌ಗೆ ಹೋಗಿ ‘ಟೊಯೋಟಾ ಟೀಮ್ ಯುರೋಪ್’ ಆಯಿತು. ಅದೇ ವರ್ಷ ಹನ್ನು ಮಿಕೊಲಾ ಫಿನ್ಲೆಂಡಿನ 1000 ಲೇಕ್ಸ್ ರ‍್ಯಾಲಿಯನ್ನು ಇವರ ಕೊರೊಲಾದಲ್ಲಿ ಗೆದ್ದರು. 1979ರಲ್ಲಿ ತಂಡ ಜರ್ಮನಿಯ ಕೊಲೋನ್‌ಗೆ ಬಂದು ನೆಲೆಯಾಯಿತು. ಹೆಸರಲ್ಲಿ ಟೊಯೋಟಾ ಇದ್ದರೂ ತಂಡ ಆಂಡರ್ಸನ್ ಅವರ ಸ್ವಂತದ್ದು, ಇದು ನೆನಪಿರಲಿ.

ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. 1975ರಲ್ಲೇ ಆಂಡರ್ಸನ್ ಕೀನ್ಯಾದ ಸಫಾರಿ ರ‍್ಯಾಲಿ ಗೆದ್ದರು. ಅದೂ ಟೊಯೋಟಾದಲ್ಲಲ್ಲ, ಪೂಜೊ 504ರಲ್ಲಿ! ತಂಡ ಕಟ್ಟಿದ ಮೇಲೂ ಬೇರೆ ಕಂಪನಿಯ ಕಾರಿನಲ್ಲಿ ಕೂತು ಆಫ್ರಿಕಾದ ದಾರಿ ಕಲಿತರು. ಆ ಕಾಲದ ಸಫಾರಿ ಅಂದರೆ ಹತ್ತಿರ ಹತ್ತಿರ 5000 ಕಿಲೋಮೀಟರ್. ಈಸ್ಟರ್ ಹೊತ್ತಿನ ಮಳೆ. ಬೆಳಿಗ್ಗೆ ದೂಳು, ಸಂಜೆ ಮೊಣಕಾಲುದ್ದ ಕೆಸರು. ರಸ್ತೆ ಮುಚ್ಚುವ ಪದ್ಧತಿಯೂ ಇಲ್ಲ, ಎದುರಿಗೆ ಲಾರಿ ಬರಬಹುದು, ದನ ಅಡ್ಡ ಬರಬಹುದು. ಅಲ್ಲಿ ಗೆಲ್ಲುವುದು ಅತಿ ವೇಗದ ಕಾರಲ್ಲ, ಕೊನೆವರೆಗೂ ಮುರಿಯದೆ ಬರುವ ಕಾರು.

ಎಂಬತ್ತರ ದಶಕದ ಆರಂಭದಲ್ಲಿ ಆಡಿ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಕಾರು ತಂದಿತು. ಆಮೇಲೆ ಪೂಜೊ, ಲಾನ್ಸಿಯಾ ಕೂಡ ಅದೇ ದಾರಿ ಹಿಡಿದವು. ಆಂಡರ್ಸನ್ ಕೈಲಿದ್ದ ಸೆಲಿಕಾ ಟರ್ಬೊಗೆ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಶಕ್ತಿ. ಯುರೋಪಿನ ಹಿಮದಲ್ಲಿ, ಜಲ್ಲಿಯಲ್ಲಿ ಅದರ ಆಟ ನಡೆಯುತ್ತಿರಲಿಲ್ಲ. ಅವರು ತಮ್ಮ ಶಕ್ತಿಯನ್ನೆಲ್ಲ ಆಫ್ರಿಕಾಕ್ಕೆ ಹಾಕಿದರು. ಸಸ್ಪೆನ್ಷನ್ ಎಲ್ಲಿ ಕೈಕೊಡುತ್ತದೆ, ಸರ್ವಿಸ್ ವ್ಯಾನ್ ಎಲ್ಲಿ ನಿಲ್ಲಿಸಬೇಕು, ಯಾವ ಹಳ್ಳದ ಮುಂದೆ ಚಾಲಕ ಕಾಲು ತೆಗೆಯಬೇಕು, ಇದೆಲ್ಲ ಅವರಿಗೆ ಓಡಿಸಿಯೇ ಗೊತ್ತಿತ್ತು. ಫಲ ನೋಡಿ: 1984ರ ಸಫಾರಿ ಬ್ಯೋರ್ನ್ ವಾಲ್ಡೆಗಾರ್ಡ್‌ಗೆ, 1985ರದ್ದು ಯೂಹಾ ಕಂಕುನೆನ್‌ಗೆ, 1986ರದ್ದು ಮತ್ತೆ ವಾಲ್ಡೆಗಾರ್ಡ್‌ಗೆ. ಕಂಕುನೆನ್‌ಗೆ ಅದು ಮೊದಲ ಸಫಾರಿ, ವಿಶ್ವ ರ‍್ಯಾಲಿಯಲ್ಲಿ ಮೊದಲ ಗೆಲುವೂ ಹೌದು. 1985ರಲ್ಲೂ 1986ರಲ್ಲೂ ಐವರಿ ಕೋಸ್ಟ್ ರ‍್ಯಾಲಿ ಕೂಡ ಇವರ ಪಾಲಾಯಿತು. ಎಲ್ಲಿ ಗೆಲ್ಲಬಹುದೋ ಅಲ್ಲಿಗೆ ಹೋಗಿ ಪೂರ್ತಿ ಮನಸ್ಸಿಟ್ಟು ಗೆಲ್ಲುವುದು. ದುಡ್ಡು ಹಾಕಿ ದೂರ ಕೂತ ಮಾಲೀಕನಿಗೆ ಈ ಲೆಕ್ಕ ಸುಲಭಕ್ಕೆ ಹೊಳೆಯುವುದಿಲ್ಲ.

1988ರಲ್ಲಿ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಸೆಲಿಕಾ ಜಿಟಿ-ಫೋರ್ ಬಂತು. ಆಮೇಲೆ ದಾರಿ ಸಲೀಸಾಯಿತು. 1990ರಲ್ಲಿ ಕಾರ್ಲೋಸ್ ಸೈಂಜ್ ಜಪಾನಿ ಕಾರಿನಲ್ಲಿ ವಿಶ್ವ ಚಾಂಪಿಯನ್ ಆದ ಮೊದಲ ಚಾಲಕರಾದರು. 1992ರಲ್ಲಿ ಮತ್ತೆ ಸೈಂಜ್, 1993ರಲ್ಲಿ ಕಂಕುನೆನ್, 1994ರಲ್ಲಿ ದಿದಿಯೆ ಒರಿಯೋಲ್. 1993ರಲ್ಲಿ ಕಂಪನಿಗಳ ಪಟ್ಟವೂ ಬಂತು, ಜಪಾನಿನ ಕಂಪನಿಯೊಂದಕ್ಕೆ ಅದೇ ಮೊದಲು. ಆ ವರ್ಷವೇ ಟೊಯೋಟಾ ಇವರ ತಂಡವನ್ನು ಕೊಂಡುಕೊಂಡಿತು. ಆಂಡರ್ಸನ್ ಅದರ ಮುಖ್ಯಸ್ಥರಾಗಿ ಉಳಿದರು.

ಇವರನ್ನು ಹೊಗಳುವವರು 1995ನ್ನು ಹಾರಿಸಿಬಿಡುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಎಂಜಿನ್ನಿಗೆ ಹೆಚ್ಚು ಗಾಳಿ ನೂಕುವ ಟರ್ಬೊಗೆ ಹೋಗುವ ಗಾಳಿಯನ್ನು ಕಡಿಮೆ ಮಾಡಲು ರಿಸ್ಟ್ರಿಕ್ಟರ್ ಅಂತ ಬಳೆಯಂಥ ಒಂದು ಭಾಗ ಇರುತ್ತದೆ. ಎಲ್ಲರ ಶಕ್ತಿಯೂ ಒಂದು ಮಿತಿಯಲ್ಲಿ ಇರಲಿ ಅಂತ ಆ ವರ್ಷ ಅದರ ಅಳತೆಯನ್ನು 34 ಮಿಲಿಮೀಟರ್‌ಗೆ ಇಳಿಸಿದ್ದರು. ಸ್ಪೇನಿನ ಕ್ಯಾಟಲೂನ್ಯಾ ರ‍್ಯಾಲಿಯಲ್ಲಿ ಟೊಯೋಟಾ ಕಾರು ಬಿಚ್ಚಿ ನೋಡಿದಾಗ ಮೋಸ ಸಿಕ್ಕಿತು. ಜೋಡಿಸಿದಾಗ ರಿಸ್ಟ್ರಿಕ್ಟರ್ ಸ್ವಲ್ಪ ಸರಿದು ಪಕ್ಕದಿಂದ ಹೆಚ್ಚಿನ ಗಾಳಿ ಒಳಗೆ ಬಿಡುತ್ತಿತ್ತು. ಪರೀಕ್ಷೆಗೆ ಬಿಚ್ಚಿದ ಕೂಡಲೇ ಸ್ಪ್ರಿಂಗ್ ಅದನ್ನು ಮತ್ತೆ ಸರಿಯಾದ ಜಾಗಕ್ಕೆ ತಳ್ಳುತ್ತಿತ್ತು. ಎಷ್ಟು ಚೊಕ್ಕಟವಾಗಿ ಮಾಡಿದ್ದರೆಂದರೆ ಮೋಟಾರ್ ಕ್ರೀಡೆಯ ವಿಶ್ವ ಸಂಸ್ಥೆ ಎಫ್‌ಐಎ ಅಧ್ಯಕ್ಷ ಮ್ಯಾಕ್ಸ್ ಮೋಸ್ಲಿ ಅವರೇ ಬೆರಗಾಗಿ ಮಾತಾಡಿದ್ದರು. ಆ ವರ್ಷದ ಅಂಕಗಳೆಲ್ಲ ಹೋದವು, 12 ತಿಂಗಳ ನಿಷೇಧ ಬಿತ್ತು. ಚಾಲಕರಿಗೆ ಗೊತ್ತಿತ್ತು ಅನ್ನೋದಕ್ಕೆ ಪುರಾವೆ ಸಿಗಲಿಲ್ಲ, ಆದರೂ ಅವರ ಅಂಕಗಳೂ ಹೋದವು. ಅದು ನನಗೆ ಇವತ್ತಿಗೂ ಬೇಸರ. ಆ ಹೊತ್ತಿಗೆ ತಂಡ ಆಂಡರ್ಸನ್ ಅವರ ಸ್ವಂತದ್ದಾಗಿರಲಿಲ್ಲ, ನಿಜ. ಆದರೂ ಮುಖ್ಯಸ್ಥ ಅಂದ ಮೇಲೆ ಗೆಲುವಿನ ಹಾಗೆ ಇದೂ ಅವರ ಲೆಕ್ಕಕ್ಕೇ ಸೇರಬೇಕು.

ನಿಷೇಧ ಮುಗಿದ ಮೇಲೆ 1997ರಲ್ಲಿ ಕೊರೊಲಾದೊಂದಿಗೆ ತಂಡ ವಾಪಸ್ ಬಂತು. 1998ರ ಕೊನೆಯ ರ‍್ಯಾಲಿಯ ಕೊನೆಯ ಸ್ಟೇಜ್‌ನಲ್ಲಿ, ಗುರಿ ಇನ್ನು ಕೆಲವೇ ನೂರು ಮೀಟರ್ ಇದ್ದಾಗ ಸೈಂಜ್ ಅವರ ಎಂಜಿನ್ ನಿಂತುಹೋಯಿತು. ಪಟ್ಟ ಎದುರಾಳಿ ಚಾಲಕ ಟೊಮಿ ಮ್ಯಾಕಿನೆನ್‌ಗೆ ಹೋಯಿತು. 1999ರಲ್ಲಿ ಕಂಪನಿಗಳ ಪಟ್ಟ ಗೆದ್ದು ಟೊಯೋಟಾ ರ‍್ಯಾಲಿ ಬಿಟ್ಟಿತು, ಫಾರ್ಮುಲಾ ಒನ್ ಕಡೆ ಹೊರಟಿತು. ಆ ತಂಡವನ್ನು ಕಟ್ಟಿದ್ದೂ ಆಂಡರ್ಸನ್ ಅವರೇ, ಅದೇ ಕೊಲೋನ್‌ನಲ್ಲಿ. 2002ರ ಆಸ್ಟ್ರೇಲಿಯಾ ಗ್ರ್ಯಾಂಡ್ ಪ್ರಿ ಆ ತಂಡದ ಮೊದಲ ರೇಸು. ಮಿಕಾ ಸಾಲೊ ಆರನೆಯವರಾಗಿ ಮೊದಲ ದಿನವೇ ಒಂದು ಅಂಕ ತಂದರು.

ನಿವೃತ್ತಿಯಾದ ಮೇಲೂ ಕಾರು ಓಡಿಸುವುದನ್ನು ಅವರು ಬಿಡಲಿಲ್ಲ. 2008ರ ಜೂನ್‌ನಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಹಳೆಯ ಕಾರುಗಳ ರ‍್ಯಾಲಿಯೊಂದರಲ್ಲಿ ಅಪಘಾತವಾಗಿ ತೀರಿಕೊಂಡರು. ಆಗ 70 ವರ್ಷ.

ಇನ್ನೊಂದು ವಿಷಯ ನಿಮಗೆ ಉಪಯೋಗಕ್ಕೆ ಬರಬಹುದು. 2017ರಲ್ಲಿ ಟೊಯೋಟಾ ವಿಶ್ವ ರ‍್ಯಾಲಿಗೆ ಮತ್ತೆ ಬಂದಾಗ ತಂಡ ಕಟ್ಟುವ ಕೆಲಸ ಕೊಟ್ಟಿದ್ದು ಯಾರಿಗೆ ಗೊತ್ತಾ? ಅದೇ ಟೊಮಿ ಮ್ಯಾಕಿನೆನ್‌ಗೆ. ನಾಲ್ಕು ಸಲ ವಿಶ್ವ ಚಾಂಪಿಯನ್, ಫಿನ್ಲೆಂಡಿನಲ್ಲಿ ಅವರದೇ ಸ್ವಂತ ಸಂಸ್ಥೆ ಇತ್ತು. ಎಂಜಿನ್ ಕೊಲೋನ್‌ನಿಂದ ಬರುತ್ತಿತ್ತು. ಎರಡನೇ ರ‍್ಯಾಲಿಯಲ್ಲೇ, ಸ್ವೀಡನ್ನಿನಲ್ಲಿ, ಯಾರಿ-ಮತಿ ಲಾಟ್ವಾಲಾ ಗೆದ್ದರು. 2018ರಲ್ಲಿ ಕಂಪನಿಗಳ ಪಟ್ಟ ಬಂತು. 2021ರಲ್ಲಿ ಮ್ಯಾಕಿನೆನ್ ಜಾಗಕ್ಕೆ ಬಂದ ಲಾಟ್ವಾಲಾ ಕೂಡ ಚಾಲಕರೇ. ಆ ವರ್ಷದಿಂದ 2024ರವರೆಗೆ ಪ್ರತಿ ವರ್ಷವೂ ಆ ಪಟ್ಟ ಟೊಯೋಟಾಕ್ಕೇ ಸಿಕ್ಕಿತು.