ಮೈಕ್ ಆಫ್ ಮಾಡಿಕೊಂಡು ಆಡುವ ಮಗಳು

ಅಕ್ಕ, ನಮಸ್ಕಾರ.

ನಿಮ್ಮ ನಾಲ್ಕು ಪುಟದ ಪತ್ರವನ್ನು ಎರಡು ಸಲ ಓದಿದೆ. ಹೆಸರು ಹಾಕಬೇಡಿ ಅಂದಿದ್ದೀರಿ, ಊರಿನ ಹೆಸರನ್ನೂ ಬಿಟ್ಟಿದ್ದೇನೆ. ಉಳಿದ ಓದುಗರಿಗೆ ವಿಷಯ ಗೊತ್ತಾಗಲಿ ಅಂತ ಚುಟುಕಾಗಿ ಹೇಳಿಬಿಡುತ್ತೇನೆ. ನಿಮ್ಮ ಮಗಳಿಗೆ 23 ವರ್ಷ. ಮನೆಯಿಂದಲೇ ಕಂಪನಿ ಕೆಲಸ. ರಾತ್ರಿಯಾದರೆ ಕಂಪ್ಯೂಟರ್‌ನಲ್ಲಿ ವ್ಯಾಲರಂಟ್ ಅನ್ನೋ ಗುಂಡು ಹಾರಿಸುವ ಆಟ. ಒಂದು ದಿನ ಹೆಡ್‌ಫೋನ್ ವೈರ್ ಕಿತ್ತುಬಂದು ಸ್ಪೀಕರ್ ಆನ್ ಆಯಿತು. ಯಾರೋ ಹುಡುಗ ಅವಳನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದದ್ದು ಅಡುಗೆಮನೆಯಲ್ಲಿದ್ದ ನಿಮಗೆ ಪೂರ್ತಿ ಕೇಳಿಸಿತು. ಓಡಿ ಬಂದು ನೋಡಿದರೆ ಅವಳು ಮುಖ ಕೂಡ ಎತ್ತದೆ ವೈರ್ ಸಿಕ್ಕಿಸಿಕೊಂಡು, "ಮಾತಾಡಿದ್ರೆ ಹಿಂಗೇ ಅಮ್ಮ, ಅದಕ್ಕೇ ಮಾತಾಡಲ್ಲ" ಅಂದಳು. ಆಡುತ್ತಲೇ ಇದ್ದಳು. ಬೈಗುಳಕ್ಕಿಂತ ನಿಮ್ಮನ್ನು ಕಾಡಿದ್ದು ಈ ಮಾತು. "ಇವಳಿಗೆ ಮಾನ ಮರ್ಯಾದೆ ಬೇಡವಾ? ಕಂಪ್ಯೂಟರ್ ಕಿತ್ತಿಡಲಾ?" ಅಂತ ಕೇಳಿದ್ದೀರಿ.

ಕಿತ್ತಿಡಬೇಡಿ. ಯಾಕೆ ಅಂತ ನಿಧಾನವಾಗಿ ಹೇಳುತ್ತೇನೆ.

ಮೊದಲು ಆಟ ಏನು ಅಂತ ನೋಡೋಣ. ವ್ಯಾಲರಂಟ್ 2020ರ ಜೂನ್‌ನಲ್ಲಿ ಬಂತು, ರಾಯಟ್ ಗೇಮ್ಸ್ ಕಂಪನಿಯದು. ಆಡೋಕೆ ದುಡ್ಡಿಲ್ಲ. (ಬಂದೂಕಿಗೆ ಬಣ್ಣ ಬಳಿಸಿಕೊಳ್ಳೋಕೆ ದುಡ್ಡು ಕೇಳುತ್ತಾರೆ, ಅದನ್ನು ಮಾತ್ರ ಒಮ್ಮೆ ವಿಚಾರಿಸಿ!) ಆ ಕಡೆ ಐದು ಜನ, ಈ ಕಡೆ ಐದು ಜನ. ಒಂದು ತಂಡ ಸ್ಪೈಕ್ ಅನ್ನೋ ಬಾಂಬ್ ಇಡಬೇಕು, ಇನ್ನೊಂದು ತಂಡ ತಡೀಬೇಕು. 13 ರೌಂಡ್ ಮೊದಲು ಗೆದ್ದವರಿಗೆ ಪಂದ್ಯ. ಒಂದು ಪಂದ್ಯ ಮುಗಿಯೋಕೆ ಅರ್ಧ ಗಂಟೆಯ ಮೇಲೇ ಬೇಕು. ನಡುವೆ ಎದ್ದು ಹೋಗುವ ಹಾಗಿಲ್ಲ, ಹೋದರೆ ದಂಡ ಬೀಳುತ್ತದೆ, ಪದೇ ಪದೇ ಹೋದರೆ ಸ್ವಲ್ಪ ಹೊತ್ತು ಆಟಕ್ಕೇ ಸೇರಿಸುವುದಿಲ್ಲ. ಅಂದರೆ ಎರಡನೇ ರೌಂಡ್‌ನಲ್ಲಿ ಒಬ್ಬ ಬೈಯೋಕೆ ಶುರು ಮಾಡಿದ ಅಂದುಕೊಳ್ಳಿ. ಉಳಿದಷ್ಟೂ ಹೊತ್ತು ನಿಮ್ಮ ಮಗಳು ಅವನ ಜೊತೆಯಲ್ಲೇ ಇರಬೇಕು. ಅವನು ಎದುರಾಳಿ ಅಲ್ಲ, ನೋಡಿ. ಅವಳದೇ ತಂಡದವನು.

ಈ ಆಟ ಅರ್ಧ ಕೈಯಲ್ಲಿ ನಡೆದರೆ ಅರ್ಧ ಬಾಯಲ್ಲಿ ನಡೆಯುತ್ತದೆ. ಗೋಡೆಯಾಚೆ ಏನಿದೆ ಅಂತ ಯಾರಿಗೂ ಕಾಣಲ್ಲ. ಕಂಡವರು ಕೂಗಿ ಹೇಳಬೇಕು. "ಬಿ ಕಡೆ ಇಬ್ಬರು ಬಂದರು", "ಒಬ್ಬನಿಗೆ 80 ಡ್ಯಾಮೇಜ್ ಆಗಿದೆ, ಹೊಡೀರಿ", "ಹಿಂದಿನಿಂದ ಬರ್ತಿದ್ದಾನೆ". (ಬಿ ಅಂದರೆ ಬಾಂಬ್ ಇಡುವ ಜಾಗಗಳಲ್ಲಿ ಒಂದು.) ಇದಕ್ಕೆ ಕಾಲ್ಔಟ್ ಅಂತಾರೆ. ಬರೆದು ಕಳಿಸಬಹುದು, ಆದರೆ ಬರೆಯಬೇಕಾದರೆ ಕೈ ಬಂದೂಕು ಬಿಡಬೇಕಲ್ಲ, ಅಷ್ಟರಲ್ಲಿ ಸತ್ತಿರುತ್ತೀರಿ. ನಿಮ್ಮ ಮಗಳು ಆ ರಾತ್ರಿ ಹೇಳಿದ್ದು ಇಂಥದ್ದೇ ಒಂದು ವಾಕ್ಯ ಅಂತ ನೀವೇ ಬರೆದಿದ್ದೀರಿ. "ಇಬ್ಬರು ಬಿ ಕಡೆ" ಅಂದಳು, ಅಷ್ಟೇ. ಸರಿಯಾದ ಮಾಹಿತಿ. ಅದಕ್ಕೆ ಸಿಕ್ಕ ಉತ್ತರವನ್ನು ನೀವು ಕೇಳಿಸಿಕೊಂಡಿರಿ.

ಹಾಗಾಗಿ ಹುಡುಗಿಯರು ಮೈಕ್ ಆಫ್ ಮಾಡುತ್ತಾರೆ. ನಮ್ಮ ಆಫೀಸಿನಲ್ಲಿ ಪುಟ ವಿನ್ಯಾಸ ಮಾಡುವ ಹುಡುಗಿಯೊಬ್ಬಳು ಇದೇ ಆಟ ಆಡುತ್ತಾಳೆ, ಮಧ್ಯಮ ದರ್ಜೆಯ ಗೋಲ್ಡ್ ರ‍್ಯಾಂಕಿನವಳು. ನಿಮ್ಮ ಪತ್ರ ತೋರಿಸಿದೆ. ಓದಿ ನಕ್ಕಳು, ಆಮೇಲೆ ಸುಮ್ಮನಾದಳು. ಅವಳು ಹೇಳಿದ್ದು: "ಮೇಡಂ, ಮೈಕ್ ಆನ್ ಮಾಡಿದ ತಕ್ಷಣ ಒಬ್ಬ 'ಹುಡುಗೀನಾ?' ಅಂತಾನೆ. ಅಲ್ಲಿಂದ ಆಟ ಮುಗೀತು. ಇನ್ನೊಬ್ಬ ಸ್ನ್ಯಾಪ್‌ಚಾಟ್ ಐಡಿ ಕೇಳ್ತಾನೆ, ಕೊಡಲ್ಲ ಅಂದ್ರೆ ಅವನೇ ಬೈತಾನೆ. ಮೂರನೆಯವನು ನನ್ನ ಪರ ಮಾತಾಡ್ತಾನೆ, ಪಂದ್ಯ ಮುಗಿದ ಮೇಲೆ ಅದರ ಬಾಡಿಗೆ ಕೇಳೋಕೆ ಬರ್ತಾನೆ. ನಾನು ಸತ್ತರೆ ಹುಡುಗಿ ಅಂತ ಸತ್ತೆ. ಚೆನ್ನಾಗಿ ಆಡಿದ್ರೆ ಯಾರೋ ಬಾಯ್‌ಫ್ರೆಂಡ್ ರ‍್ಯಾಂಕ್ ಏರಿಸಿಕೊಟ್ಟಿದ್ದಾನೆ ಅಂತಾರೆ." ಸೇಜ್ ಅಂತ ಗಾಯ ವಾಸಿ ಮಾಡುವ ಪಾತ್ರ ಒಂದಿದೆ, ಹುಡುಗಿ ಅಂದರೆ ಅದನ್ನೇ ತಗೋಬೇಕು ಅಂತ ಒತ್ತಾಯವಂತೆ. ಅಲ್ಲೂ ಬಡಿಸೋ ಕೆಲಸ ನಮಗೇ, ನೋಡಿ. ಮುಂಬೈ ಸರ್ವರ್‌ನಲ್ಲಿ ಹಿಂದಿ, ಇಂಗ್ಲಿಷ್ ಮಾತೇ ಜಾಸ್ತಿ. ಅಪರೂಪಕ್ಕೆ ಕನ್ನಡದವರು ಸಿಕ್ಕರೆ ಖುಷಿಯಾಗುತ್ತೆ, ಆದರೆ ಕನ್ನಡದಲ್ಲಿ ಬೈಸಿಕೊಂಡರೆ ಅದು ಎರಡು ದಿನ ಕಿವಿಯಲ್ಲೇ ಇರುತ್ತೆ ಅಂದಳು.

ಮೈಕ್ ಆಫ್ ಮಾಡಿದರೆ ನೆಮ್ಮದಿ ಸಿಗುತ್ತದೆ, ನಿಜ. ಆದರೆ ಆಟ ಹೋಗುತ್ತದೆ. ನಾಲ್ಕು ಜನ ಮಾತಾಡಿಕೊಂಡು ಆಡುವಾಗ ಐದನೆಯವಳು ಮೂಕಿಯಾಗಿ ಆಡಬೇಕು. ಅವಳಿಗೆ ಕಂಡದ್ದು ತಂಡಕ್ಕೆ ಗೊತ್ತಾಗಲ್ಲ. ಬೈಯುವವನನ್ನು ಮ್ಯೂಟ್ ಮಾಡಿದರೆ ಅವನಿಗೆ ಕಂಡದ್ದು ಇವಳಿಗೆ ಗೊತ್ತಾಗಲ್ಲ. ಹೇಗೆ ಮಾಡಿದರೂ ಒಂದಷ್ಟು ರೌಂಡ್ ಕೈಬಿಡುತ್ತವೆ. ರ‍್ಯಾಂಕ್ ನಿಧಾನ ಏರುತ್ತದೆ. ಆಮೇಲೆ ಅದೇ ಹುಡುಗರು ರ‍್ಯಾಂಕ್ ತೋರಿಸಿ "ಹುಡುಗೀರಿಗೆ ಶೂಟರ್ ಆಟ ಬರಲ್ಲ" ಅನ್ನುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲಿ. ಬೈಗುಳವನ್ನು ಎಲ್ಲರೂ ನೋಡುತ್ತಾರೆ, ಈ ಲೆಕ್ಕವನ್ನು ಯಾರೂ ಹಾಕುವುದಿಲ್ಲ.

ಇದು ಬರೀ ನಮ್ಮ ಹುಡುಗಿಯರ ದೂರಲ್ಲ. ಅಮೆರಿಕದಲ್ಲಿ ಇಬ್ಬರು ಸಂಶೋಧಕರು ಹೇಲೋ 3 ಅನ್ನೋ ಶೂಟರ್ ಆಟದಲ್ಲಿ ಒಂದು ಪರೀಕ್ಷೆ ಮಾಡಿದ್ದರು, 2013ರಲ್ಲಿ ಅದು ಪ್ರಕಟವಾಯಿತು. ಮೊದಲೇ ರೆಕಾರ್ಡ್ ಮಾಡಿಟ್ಟ ಮಾತುಗಳು. ಕೆಲವು ಪಂದ್ಯದಲ್ಲಿ ಗಂಡಸಿನ ದನಿ, ಕೆಲವಲ್ಲಿ ಹೆಂಗಸಿನ ದನಿ, ಕೆಲವಲ್ಲಿ ದನಿಯೇ ಇಲ್ಲ. ಎರಡೂ ದನಿ ಹೇಳಿದ್ದು ಅದೇ ಮಾತು. ಹೆಂಗಸಿನ ದನಿಗೆ ಮೂರು ಪಟ್ಟು ಜಾಸ್ತಿ ಕೆಟ್ಟ ಮಾತು ಬಿತ್ತು. 2015ರಲ್ಲಿ ಅದೇ ಆಟದ ಮೇಲೆ ಇನ್ನೊಂದು ಅಧ್ಯಯನ ಬಂತು, ಅದು ನನಗೆ ಇನ್ನೂ ಇಷ್ಟ. ಯಾರು ಹೆಚ್ಚು ಬೈಯುತ್ತಾರೆ ಅಂತ ನೋಡಿದರೆ, ಆಟ ಬಾರದವರು. ಚೆನ್ನಾಗಿ ಆಡುವ ಗಂಡಸರು ಹೆಂಗಸಿನ ದನಿಯ ಜೊತೆ ಸರಿಯಾಗೇ ಇದ್ದರು. ಸೋಲುತ್ತಿದ್ದವರೇ ಅವಳ ಮೇಲೆ ಹರಿಹಾಯ್ದಿದ್ದು, ಮತ್ತು ಅದೇ ಸೋಲುಬುರುಕರು ಗಂಡು ದನಿಯ ಮುಂದೆ ತಗ್ಗಿ ಬಗ್ಗಿ ನಡೆದುಕೊಂಡರು. ಇದನ್ನು ಕಂಡುಹಿಡಿಯೋಕೆ ಅಧ್ಯಯನ ಬೇಕಿತ್ತಾ ಅಂತ ನೀವು ನಗಬಹುದು. ಮನೆಮನೆಯಲ್ಲೂ ಇದೆ.

ಹಾಗಾದರೆ ಚೆನ್ನಾಗಿ ಆಡಿ ಬಾಯಿ ಮುಚ್ಚಿಸಿದರಾಯಿತು ಅಂತ ಹೇಳುವವರಿದ್ದಾರೆ. ಅವರಿಗೆ ಗೆಗುರಿಯ ಕತೆ ಹೇಳಬೇಕು. ದಕ್ಷಿಣ ಕೊರಿಯಾದ ಹುಡುಗಿ, ನಿಜವಾದ ಹೆಸರು ಕಿಮ್ ಸೆ-ಯೊನ್. ಓವರ್‌ವಾಚ್ ಅನ್ನೋ ಆಟ 2016ರ ಮೇ ತಿಂಗಳಲ್ಲಿ ಬಂತು. ಜೂನ್‌ನಲ್ಲೇ ಇವಳ ಗುರಿ ನೋಡಿ ಎದುರು ತಂಡದವರು "ಇದು ಮನುಷ್ಯರ ಕೈಲಿ ಆಗಲ್ಲ, ಸಾಫ್ಟ್‌ವೇರ್ ಹಾಕಿ ಮೋಸ ಮಾಡ್ತಿದ್ದಾಳೆ" ಅಂದರು. ಆಗ ಅವಳಿಗೆ ಬರೀ 17 ವರ್ಷ. ಆಟದ ಕಂಪನಿಯೇ ಮೋಸ ಇಲ್ಲ ಅಂದರೂ ಸಾಲಲಿಲ್ಲ. ಕೊನೆಗೆ ಸ್ಟುಡಿಯೋದಲ್ಲಿ ಕೂತು, ಕೈಯ ಮೇಲೊಂದು ಕ್ಯಾಮೆರಾ, ಪರದೆಯ ಮೇಲೊಂದು ಕ್ಯಾಮೆರಾ ಇಡಿಸಿಕೊಂಡು ನೇರ ಪ್ರಸಾರದಲ್ಲಿ ಆಡಿ ತೋರಿಸಿದಳು. ಅದೇ ಗುರಿ, ಅದೇ ವೇಗ. ಆಪಾದನೆ ಮಾಡಿದವರಲ್ಲಿ ಕೆಲವರು ಆಟ ಬಿಟ್ಟು ಹೋಗಬೇಕಾಯಿತು. 2018ರಲ್ಲಿ ಶಾಂಘೈ ಡ್ರ್ಯಾಗನ್ಸ್ ತಂಡ ಅವಳನ್ನು ಕರೆಯಿತು, ಓವರ್‌ವಾಚ್ ಲೀಗ್‌ಗೆ ಬಂದ ಮೊದಲ ಹೆಣ್ಣು ಅವಳೇ. (ಆ ವರ್ಷ ಶಾಂಘೈ ಆಡಿದ 40 ಪಂದ್ಯವನ್ನೂ ಸೋತಿತು. ಅದು ಇವಳ ತಪ್ಪಲ್ಲ, ಬರುವ ಮೊದಲೇ ಸೋಲುತ್ತಿದ್ದರು.) ಎಷ್ಟು ಹುಡುಗರಿಗೆ ತಮ್ಮ ಕೈ ತೋರಿಸಿ ನಿಜ ಅಂತ ಸಾಬೀತು ಮಾಡಬೇಕಾಗಿ ಬಂದಿದೆ ಹೇಳಿ.

ನನ್ನದೂ ಒಂದು ಹಳೇ ಕತೆ ಇದೆ, ಹೇಳದೆ ಇರೋಕಾಗುತ್ತಿಲ್ಲ. 2003ರ ಸುಮಾರಿಗೆ ಬೆಂಗಳೂರಿನಲ್ಲಿ ಕಾಲೇಜು ಓದುವಾಗ ಸೈಬರ್ ಕೆಫೆಗೆ ಹೋಗಿ ಕೌಂಟರ್ ಸ್ಟ್ರೈಕ್ ಅನ್ನೋ ಇಂಥದ್ದೇ ಗುಂಡಿನ ಆಟ ಆಡುತ್ತಿದ್ದೆ. ಗಂಟೆಗೆ 20 ರೂಪಾಯಿ. ಬೆವರಿನ ವಾಸನೆ, ದಪ್ಪ ಮಾನಿಟರ್, ಉರುಳದ ಮೌಸ್ ಬಾಲ್. ಹತ್ತು ಹುಡುಗರ ನಡುವೆ ನಾನೊಬ್ಬಳೇ. ಆ ಕಾಲ ಬಂಗಾರ ಅಂತ ಹೇಳಲ್ಲ. ಕುರ್ಚಿ ಹಿಂದೆ ಬಂದು ನಿಲ್ಲುವವರಿದ್ದರು, ನಾನು ಹೊಡೆದರೆ ಲಕ್ ಅನ್ನುತ್ತಿದ್ದರು. ಆದರೆ ಒಂದು ದಿನ ಒಬ್ಬ ಹೊಲಸು ಮಾತಾಡಿದಾಗ ನಾನು ಎದ್ದು ನಿಂತೆ. ಮೂರನೇ ಕುರ್ಚಿಯಲ್ಲಿ ಕೂತಿದ್ದ. ಅವನ ಮುಖ ನನಗೆ ಕಂಡಿತು, ನನ್ನ ಮುಖ ಅವನಿಗೆ ಕಂಡಿತು. ಕೌಂಟರ್‌ನಲ್ಲಿದ್ದ ಅಣ್ಣ "ಏಯ್, ಎದ್ದು ಹೋಗೋ" ಅಂದರು. ಹೋದ. ನಿಮ್ಮ ಮಗಳಿಗೆ ಎದ್ದು ನಿಲ್ಲೋಕೆ ಜಾಗವಿಲ್ಲ, ಮುಖ ಇಲ್ಲ, ಕೌಂಟರ್‌ನ ಅಣ್ಣನೂ ಇಲ್ಲ. ರಿಪೋರ್ಟ್ ಬಟನ್ ಒಂದಿದೆ.

ಆ ಬಟನ್ ಒತ್ತಲು ಹೇಳಿ, ಪ್ರತಿ ಸಲ. ಸುಮ್ನೆ ಅಂತ ಅನಿಸಬಹುದು. ಆದರೆ 2024ರ ಮೇ ತಿಂಗಳಲ್ಲಿ ಹೊರದೇಶದ ಆಟಗಾರ್ತಿಯೊಬ್ಬರು ತಮಗೆ ಬಂದ ಅತ್ಯಾಚಾರದ ಬೆದರಿಕೆಯ ವಿಡಿಯೋ ಹಾಕಿದ ಮೇಲೆ ಗಲಾಟೆಯಾಗಿ, ಇಂಥವರಿಗೆ ಶಿಕ್ಷೆ ಇನ್ನೂ ಬಿಗಿ ಮಾಡುತ್ತೇವೆ ಅಂತ ರಾಯಟ್ ಹೇಳಬೇಕಾಯಿತು. ಬೈದವನು ಆಟದಾಚೆಗೂ ಬಂದರೆ, ಇನ್‌ಸ್ಟಾಗ್ರಾಂ ಹುಡುಕಿಕೊಂಡು ಬಂದು ಮೆಸೇಜ್ ಮಾಡಿದರೆ, ಫೋಟೋ ತಿದ್ದಿ ಕಳಿಸಿದರೆ, ಅದು ಆಟದ ಜಗಳವಲ್ಲ. ಡಿಲೀಟ್ ಮಾಡದೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಅಥವಾ ಹತ್ತಿರದ ಠಾಣೆಗೆ ಹೋಗಿ. ಬೆನ್ನು ಬೀಳುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಇದೆ, ಮಾತಿನಲ್ಲಿ ಹೆಣ್ಣಿನ ಮಾನಕ್ಕೆ ಕೈ ಹಾಕುವುದಕ್ಕೆ 79 ಇದೆ. ಠಾಣೆಯಲ್ಲಿ "ಆಟ ಬಿಟ್ಟುಬಿಡಮ್ಮ" ಅಂತ ಯಾರಾದರೂ ಹೇಳಿಯಾರು. ಆಗ ನೀವು ಜೊತೆಗಿರಬೇಕು.

ಸರ್ಕಾರ ಆಟ ನಿಷೇಧಿಸಿದೆಯಂತಲ್ಲ ಅಂತಲೂ ಕೇಳಿದ್ದೀರಿ. 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಕಾಯ್ದೆ ಹಣ ಕಟ್ಟಿ ಆಡುವ ಆಟಗಳ ಮೇಲೆ. ಇ-ಸ್ಪೋರ್ಟ್ಸ್‌ಗೆ (ಸ್ಪರ್ಧೆಯಾಗಿ ಆಡುವ ವಿಡಿಯೋ ಆಟಗಳಿಗೆ) ಅದೇ ಕಾಯ್ದೆ ಬೇರೆ ಜಾಗ ಕೊಟ್ಟಿದೆ. ನಿಮ್ಮ ಮಗಳು ಕಾನೂನು ಮುರಿಯುತ್ತಿಲ್ಲ.

ಹುಡುಗಿಯರಿಗೇ ಬೇರೆ ಟೂರ್ನಿಗಳೂ ಇವೆ. ವ್ಯಾಲರಂಟ್‌ನಲ್ಲಿ 2021ರಿಂದ ಗೇಮ್ ಚೇಂಜರ್ಸ್ ಅಂತ ನಡೆಯುತ್ತಿದೆ. 2022ರ ಬರ್ಲಿನ್ ಫೈನಲ್ ಅನ್ನು ಜಿ2 ಗೋಜೆನ್ ಅನ್ನೋ ತಂಡ ಗೆದ್ದಿತು, ಮುಂದಿನ ಎರಡು ವರ್ಷ ಶಾಪಿಫೈ ರೆಬೆಲಿಯನ್. ಬೇರೆ ಟೂರ್ನಿ ಯಾಕೆ, ಹುಡುಗರ ಜೊತೆ ಆಡೋಕೆ ಆಗಲ್ವಾ ಅಂತ ಮೂಗು ಮುರಿಯುವವರು ಬಹಳ. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಗುಂಡು ಹೊಡೆಯೋಕೆ ತೋಳ್ಬಲ ಬೇಡವಲ್ಲ? ಆದರೆ ಐದು ಹುಡುಗಿಯರು ಮೈಕ್ ಆನ್ ಮಾಡಿಕೊಂಡು, ಕಿರುಚಿಕೊಂಡು, ಒಬ್ಬರ ತಪ್ಪು ಒಬ್ಬರು ತಿದ್ದಿಕೊಂಡು ಆಡುವ ಪಂದ್ಯ ಒಮ್ಮೆ ನೋಡಿದೆ. ಅಭ್ಯಾಸಕ್ಕೆ ಇಷ್ಟು ಜಾಗ ಹುಡುಗರಿಗೆ ಮೊದಲ ದಿನದಿಂದಲೇ ಸಿಕ್ಕಿರುತ್ತದೆ. ಕೌಂಟರ್ ಸ್ಟ್ರೈಕ್‌ನಲ್ಲಿ ಇಂಥದ್ದೇ ಇಎಸ್ಎಲ್ ಇಂಪ್ಯಾಕ್ಟ್ ಅನ್ನೋ ಲೀಗ್ 2022ರಲ್ಲಿ ಶುರುವಾಗಿ 2025ಕ್ಕೆ ಮುಚ್ಚಿತು, ಖರ್ಚು ಗಿಟ್ಟಲಿಲ್ಲ ಅಂತ. ಸಿಕ್ಕ ಜಾಗ ಉಳಿಯುತ್ತೆ ಅನ್ನೋ ಗ್ಯಾರಂಟಿಯೂ ಇಲ್ಲ. ನಮ್ಮ ದೇಶದಲ್ಲಿ 2024ರ ಏಪ್ರಿಲ್‌ನಲ್ಲಿ ಪ್ರಧಾನಿ ಏಳು ಗೇಮರ್‌ಗಳನ್ನು ಕರೆಸಿ ಮಾತಾಡಿದರು. ಅದರಲ್ಲಿ ಹೆಣ್ಣುಮಗಳು ಮಧ್ಯಪ್ರದೇಶದ ಛಿಂದ್ವಾಡಾ ಕಡೆಯ ಪಾಯಲ್ ಧಾರೆ ಒಬ್ಬರೇ.

ಇನ್ನು ಮಾನ ಮರ್ಯಾದೆಯ ಮಾತು. ಅಕ್ಕ, ಬೇಜಾರಾಗಬೇಡಿ, ಆ ಪ್ರಶ್ನೆ ತಪ್ಪು ವಿಳಾಸಕ್ಕೆ ಹೋಗಿದೆ. ಅದನ್ನು ಕೇಳಬೇಕಾದದ್ದು ಆ ಹುಡುಗನ ಮನೆಯಲ್ಲಿ. ಅವನ ಅಮ್ಮನಿಗೂ ಪಕ್ಕದ ಕೋಣೆಯಲ್ಲಿ ದನಿ ಕೇಳಿಸಿರುತ್ತದೆ, ಅಲ್ವಾ? ನಿಮ್ಮ ಮಗಳು ಮುಖ ಎತ್ತದೆ ಆಡಿದ್ದು ನಾಚಿಕೆ ಬಿಟ್ಟು ಅಲ್ಲ. ಎದ್ದರೆ ಬೈದವನ ಜೊತೆ ತಂಡದ ಉಳಿದ ಮೂವರೂ ಸೋಲುತ್ತಿದ್ದರು, ಅವಳಿಗೂ ದಂಡ ಬೀಳುತ್ತಿತ್ತು. ಮತ್ತು ಕಂಪ್ಯೂಟರ್ ಕಿತ್ತಿಟ್ಟರೆ ಮುಂದಿನ ಸಲ ನಿಜವಾದ ಬೆದರಿಕೆ ಬಂದಾಗ ಅವಳು ನಿಮಗೆ ಹೇಳುವುದಿಲ್ಲ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ, ಸೈಬರ್ ಕೆಫೆಯ ಆ ಜಗಳ ನನ್ನ ಅಮ್ಮನಿಗೆ ಇವತ್ತಿಗೂ ಗೊತ್ತಿಲ್ಲ.

ಒಂದು ಸಂಜೆ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರಿ. ಬುದ್ಧಿ ಹೇಳೋಕಲ್ಲ, ನೋಡೋಕೆ. ಗೆಳತಿಯರ ಜೊತೆ ಐದು ಜನ ಸೇರಿ ಆಡೋಕೆ ಆಗುತ್ತಾ ಅಂತ ಕೇಳಿ, ಪೂರ್ತಿ ತಂಡ ಗೊತ್ತಿರುವವರೇ ಆದರೆ ಮೈಕ್ ಭಯವಿಲ್ಲದೆ ಆನ್ ಇರುತ್ತದೆ. ಆಗ ಅವಳ ದನಿ ನಿಮಗೆ ಅಡುಗೆಮನೆವರೆಗೂ ಕೇಳಿಸೀತು, ರಾತ್ರಿ ಹನ್ನೊಂದಕ್ಕೆ, ಸ್ವಲ್ಪ ಜೋರಾಗೇ. ತಡೆದುಕೊಳ್ಳಿ. ಹಾಗೇ ಊಟಕ್ಕೆ ಕರೆಯುವ ಮುಂಚೆ ಸ್ಕೋರ್ ಎಷ್ಟು ಅಂತ ಕೇಳುವುದನ್ನು ರೂಢಿ ಮಾಡಿಕೊಳ್ಳಿ. 12-5 ಅಂದರೆ ತಟ್ಟೆ ಹಾಕಬಹುದು. ರ‍್ಯಾಂಕ್ ಪಂದ್ಯದಲ್ಲಿ 12-12 ಅಂದರೆ ಸಾಮಾನ್ಯವಾಗಿ ಒಂದು ತಂಡ ಎರಡು ರೌಂಡ್ ಮುಂದೆ ಹೋಗುವವರೆಗೂ ಪಂದ್ಯ ಮುಗಿಯಲ್ಲ, ಸಾರು ಇನ್ನೊಂದು ಸಲ ಬಿಸಿ ಮಾಡಬೇಕಾಗುತ್ತದೆ.

– ಸಂಪಾದಕಿ