ರಾಕ್ಸಾನ್ ಶಾಂಟೆ 14ರಲ್ಲೇ ಗೆದ್ದಳಲ್ಲ, ನಾನೂ ಪಿಯುಸಿ ಬಿಟ್ಟು ರ‍್ಯಾಪ್ ಮಾಡಲಾ?

ಹುಡುಗಿಯರನ್ನು ಆಡಿಕೊಂಡ ಒಂದು ಕನ್ನಡ ರ‍್ಯಾಪ್ ಹಾಡಿಗೆ ಅದೇ ಬೀಟ್ (ಹಿನ್ನೆಲೆಯ ತಾಳ-ಸಂಗೀತ) ಮೇಲೆ ಉತ್ತರ ಬರೆದಿದ್ದೀರಿ. ಯಾರೋ ಪುಕ್ಕಟೆ ರೆಕಾರ್ಡ್ ಮಾಡಿಕೊಡ್ತೀನಿ, ಒಂದು ಪೇಪರ್‌ಗೆ ಸೈನ್ ಹಾಕಿ ಸಾಕು ಅಂದಿದ್ದಾರೆ. ಅಮೆರಿಕದ ರ‍್ಯಾಪರ್ ಶಾಂಟೆಯನ್ನು ರೆಕಾರ್ಡ್ ಕಂಪನಿಯೇ ಪಿಎಚ್‌ಡಿವರೆಗೆ ಓದಿಸಿತಂತೆ, ಹಾಗಾಗಿ ಕಾಲೇಜು ಆಮೇಲೆ ನೋಡಿಕೊಂಡರಾಯಿತು ಎಂಬುದು ನಿಮ್ಮ ಲೆಕ್ಕ. ಹದಿನೇಳನೇ ವಯಸ್ಸಿನಲ್ಲಿ ನನ್ನ ಲೆಕ್ಕವೂ ಇದೇ ಇತ್ತು, ಅದಕ್ಕೆ ಆಧಾರವೂ ಇದೇ ಶಾಂಟೆ. ಅರ್ಧ ಕತೆ ಕೇಳಿದವರಿಗೆಲ್ಲ ಹಾಗೇ ಅನಿಸುತ್ತದೆ. ಉಳಿದರ್ಧ ಕೇಳಿ.

ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಕ್ವೀನ್ಸ್‌ಬ್ರಿಜ್ ಎಂಬ ಸರ್ಕಾರಿ ವಸತಿ ಸಮುಚ್ಚಯವಿದೆ. 96 ಕಟ್ಟಡ, 3,142 ಮನೆ. ರಾಕ್ಸಾನ್ ಶಾಂಟೆ, ನಿಜ ಹೆಸರು ಲೋಲಿಟಾ ಶಾಂಟೆ ಗುಡೆನ್, ಬೆಳೆದದ್ದು ಅಲ್ಲಿ. ಒಂದೇ ಹಾಡಿಗೆ ಸ್ಟಾರ್ ಆದಳು ಅನ್ನುತ್ತಾರಲ್ಲ, ಆ ಮಾತಿಗೇ ನನ್ನ ಮೊದಲ ತಕರಾರು. ಆ ಹಾಡು ಬರುವ ಹೊತ್ತಿಗೆ ಆಕೆ ವರ್ಷಗಟ್ಟಲೆ ಅದೇ ಅಂಗಳಗಳಲ್ಲಿ ತನಗಿಂತ ದೊಡ್ಡ ಹುಡುಗರ ಎದುರು ನಿಂತು, ಬರೆದುಕೊಳ್ಳದೆ, ಬಾಯಿಗೆ ಬಂದಂತೆ ಪ್ರಾಸ ಕಟ್ಟಿ ಸೋಲಿಸುತ್ತಿದ್ದಳು. 1984ರಲ್ಲಿ ಜನ ಕೇಳಿದ್ದು ಅಷ್ಟು ವರ್ಷದ ಅಭ್ಯಾಸ.

ಆ ವರ್ಷ ಯುಟಿಎಫ್‌ಒ ಎಂಬ ತಂಡದ ‘ರಾಕ್ಸಾನ್, ರಾಕ್ಸಾನ್’ ಹಾಡು ಊರೆಲ್ಲ ಓಡುತ್ತಿತ್ತು. ರಾಕ್ಸಾನ್ ಎಂಬ ಹುಡುಗಿಯ ಹಿಂದೆ ಮೂವರು ಹುಡುಗರು ಬೀಳುತ್ತಾರೆ, ಆಕೆ ಯಾರಿಗೂ ಸೊಪ್ಪು ಹಾಕುವುದಿಲ್ಲ. ಇಷ್ಟೇ ಹಾಡು. ಇದೇ ತಂಡ ಒಂದು ಕಾರ್ಯಕ್ರಮಕ್ಕೆ ಒಪ್ಪಿಕೊಂಡು ಕೈಕೊಟ್ಟಿತು. ಅದನ್ನು ಏರ್ಪಡಿಸಿದ್ದ ರೇಡಿಯೊ ನಿರೂಪಕ ಮಿಸ್ಟರ್ ಮ್ಯಾಜಿಕ್, ಡಿಜೆ ಮಾರ್ಲಿ ಮಾರ್ಲ್, ಮ್ಯಾನೇಜರ್ ಟೈರೋನ್ ವಿಲಿಯಮ್ಸ್ ಮೂವರೂ ಕ್ವೀನ್ಸ್‌ಬ್ರಿಜ್‌ನಲ್ಲಿ ನಿಂತು ಬೈದುಕೊಳ್ಳುತ್ತಿದ್ದಾಗ, ಬಟ್ಟೆ ಒಗೆಯಲು ಲಾಂಡ್ರಿಗೆ ಹೊರಟಿದ್ದ 14ರ ಹುಡುಗಿ ‘ನಾನು ಉತ್ತರ ಕೊಡ್ತೀನಿ’ ಎಂದಳು. ಮಾರ್ಲಿಯ ಮನೆಯಲ್ಲೇ ಮೈಕ್ ಇತ್ತು. ಒಂದೇ ಟೇಕ್, ಕೈಯಲ್ಲಿ ಚೀಟಿಯಿಲ್ಲ. ಮುಗಿಸಿ ಲಾಂಡ್ರಿಗೆ ಹೋದಳು. ‘ರಾಕ್ಸಾನ್ಸ್ ರಿವೆಂಜ್’ ಹುಟ್ಟಿದ್ದು ಹೀಗೆ. ನ್ಯೂಯಾರ್ಕ್ ಸುತ್ತಮುತ್ತಲೇ ಎರಡೂವರೆ ಲಕ್ಷಕ್ಕೂ ಹೆಚ್ಚು ಪ್ರತಿ ಹೋದವು ಎನ್ನುತ್ತಾರೆ.

ಹಾಡು ಕೇಳಿದ್ದೀರಾದರೆ ಒಂದು ವಿಷಯ ಗಮನಿಸಿ. ಆಕೆ ಯುಟಿಎಫ್‌ಒ ಬಗ್ಗೆ ಹಾಡುವುದಿಲ್ಲ, ರಾಕ್ಸಾನೇ ಆಗಿ ಮಾತಾಡುತ್ತಾಳೆ. ಕ್ಯಾಂಗೋಲ್ ಕಿಡ್, ಎಜುಕೇಟೆಡ್ ರ‍್ಯಾಪರ್, ಡಾಕ್ಟರ್ ಐಸ್ ಮೂವರನ್ನೂ ಹೆಸರು ಹಿಡಿದು ಕರೆದು, ಒಬ್ಬೊಬ್ಬರ ಬಡಾಯಿಯನ್ನೂ ಅವರವರ ಮೇಲೇ ತಿರುಗಿಸುತ್ತಾಳೆ. ಉತ್ತರ ಕರ್ನಾಟಕದ ಗೀಗೀ ಮೇಳ ಕೇಳಿದವರಿಗೆ ಇದು ಬಿಡಿಸಿ ಹೇಳಬೇಕಾದ ವಿದ್ಯೆಯಲ್ಲ. ಹರದೇಶಿಯವರು ಗಂಡೇ ಹೆಚ್ಚು ಎಂದು ಹಾಡಿ ಕೂತ ಮೇಲೆ ಹೆಣ್ಣಿನ ಪರ ಹಾಡುವ ನಾಗೇಶಿಯವರು ಎದ್ದರೆ, ಹಾಕಿದ ಸವಾಲಿಗೇ ಜವಾಬು ಬರಬೇಕು, ಸುತ್ತಿ ಬಳಸಿ ನಡೆಯುವುದಿಲ್ಲ. ಪ್ರಶ್ನೆಯ ಕೆಳಗೆ ನೀವು ಹಾಕಿರುವ ನಾಲ್ಕು ಸಾಲುಗಳಲ್ಲಿ ಮೊದಲೆರಡು ಆ ಹಾಡಿಗೇ ಸಂಬಂಧಿಸಿಲ್ಲ, ‘ಹೆಣ್ಣು ಶಕ್ತಿ, ಹೆಣ್ಣು ಬೆಂಕಿ’ ಥರದ ಸಾಲುಗಳು. ತೆಗೆದುಹಾಕಿ. ಮೂರನೆಯದು, ಆ ಹಾಡು ಹಾಡಿದವನ ಬಾಡಿಗೆ ಬೈಕಿನ ಬಗ್ಗೆ ಇರುವುದು, ಅದರಿಂದಲೇ ಶುರುಮಾಡಿ.

ಇನ್ನು ದುಬಾರಿಯಾದ ತಪ್ಪಿಗೆ ಬರೋಣ. ಇದನ್ನು ಸ್ವಲ್ಪ ಉದ್ದ ಹೇಳುತ್ತೇನೆ, ಏಕೆಂದರೆ ನೀವು ಮಾಡಹೊರಟಿರುವುದೂ ಅದನ್ನೇ.

ಬೀಟ್ ಯುಟಿಎಫ್‌ಒದವರದ್ದಾಗಿತ್ತು. ಮಾರ್ಲಿ ಮಾರ್ಲ್ ಅವರ ಹಾಡಿನ ವಾದ್ಯಗಳ ಟ್ರ್ಯಾಕ್ ಮೇಲೆಯೇ ಶಾಂಟೆಯ ದನಿ ಕೂರಿಸಿದ್ದ. ಬೀದಿಯ ಪ್ರಾಸ ಪೈಪೋಟಿ, ಅಂದರೆ ಬ್ಯಾಟಲ್‌ನಲ್ಲಿ ಯಾರದೋ ಬೀಟ್ ಮೇಲೆ ಹಾಡಿದರೆ ಕೇಳುವವರಿಲ್ಲ. ಡಿಸ್ಕ್ ಮಾಡಿಸಿ ಅಂಗಡಿಗೆ ಕಳಿಸಿದ ಕೂಡಲೇ ಅದು ಬೇರೆಯವರ ಆಸ್ತಿ ಮಾರಿದಂತೆ. ಹಾಡು ಓಡತೊಡಗಿದ್ದೇ ತಡ ಕಾನೂನಿನ ತಗಾದೆ ಬಂತು. ಹೊಸ ಬೀಟ್ ಹಾಕಿ, ಬೈಗುಳ ತೆಗೆದು, ಎಲ್ಲವನ್ನೂ ಮತ್ತೆ ರೆಕಾರ್ಡ್ ಮಾಡಬೇಕಾಯಿತು. ಎರಡೂ ಕೇಳಿ ನೋಡಿ, ಮೊದಲನೆಯದರ ಸಿಟ್ಟು ಎರಡನೆಯದರಲ್ಲಿಲ್ಲ. ಹೆಸರಿನದೂ ಇದೇ ಪಾಡು. ರಾಕ್ಸಾನ್ ಎಂಬ ಪಾತ್ರ ಯುಟಿಎಫ್‌ಒ ಕಟ್ಟಿದ್ದು. ಅವರು ತಮ್ಮ ನಿರ್ಮಾಪಕರಾದ ಫುಲ್ ಫೋರ್ಸ್ ತಂಡದ ಜೊತೆ ಸೇರಿ ‘ದಿ ರಿಯಲ್ ರಾಕ್ಸಾನ್’ ಎಂದು ಇನ್ನೊಬ್ಬ ಹುಡುಗಿಯನ್ನು ಕಣಕ್ಕಿಳಿಸಿದರು. ಆಮೇಲೆ ರಾಕ್ಸಾನ್‌ಳ ಅಪ್ಪ-ಅಮ್ಮನ ಹೆಸರಲ್ಲೂ ಹಾಡು ಬಂದವು, ಡಜನ್‌ಗಟ್ಟಲೆ. ಹುಡುಗಿಯ ದನಿ ಮಾತ್ರ ಸ್ವಂತದ್ದು, ಅದರ ಕೆಳಗಿನ ಬೀಟೂ ಮೇಲಿನ ಹೆಸರೂ ಸಾಲದ್ದು. ಹಾಡು ಗೆದ್ದಷ್ಟೂ ಸಾಲ ಕೊಟ್ಟವರು ಬಾಗಿಲಿಗೆ ಬಂದರು.

ನಿಮ್ಮ ವಿಷಯದಲ್ಲಿ ಇದು ಹೇಗೆ ನಡೆಯುತ್ತದೆ ಅಂದರೆ: ಒಂದು ರ‍್ಯಾಪ್ ಹಾಡಿನಲ್ಲಿ ಕಾನೂನಿನ ಪ್ರಕಾರ ಮೂರು ಬೇರೆ ಬೇರೆ ಹಕ್ಕುಗಳಿವೆ. ಸಾಹಿತ್ಯ ಬರೆದವರದ್ದು, ಸಂಗೀತ ಕಟ್ಟಿದವರದ್ದು, ಧ್ವನಿಮುದ್ರಣ ಮಾಡಿಸಿದವರದ್ದು. ಆ ಹಾಡಿನ ಕರೋಕೆ ಟ್ರ್ಯಾಕ್ ಇಳಿಸಿಕೊಂಡು ಮೇಲೆ ಹಾಡಿದರೆ ಸಂಗೀತ, ಮುದ್ರಣ ಎರಡನ್ನೂ ಮುಟ್ಟಿದಿರಿ. ಹಾಡು ಯಾರದೆಂದು ತಾನಾಗಿಯೇ ಗುರುತಿಸುವ ಯೂಟ್ಯೂಬಿನ ಕಂಟೆಂಟ್ ಐಡಿ ಅಪ್‌ಲೋಡ್ ಆಗುವಾಗಲೇ ಹಿಡಿಯುತ್ತದೆ. ‘ಇದು ನಮ್ಮದು’ ಎಂಬ ಬರೀ ಕ್ಲೇಮ್ ಬಂದರೆ ಜಾಹೀರಾತಿನ ದುಡ್ಡು ನೀವು ಬೈದವನಿಗೇ ಹೋಗುತ್ತದೆ, ಅಥವಾ ವಿಡಿಯೊ ಬ್ಲಾಕ್ ಆಗುತ್ತದೆ. ಸ್ಟ್ರೈಕ್ ಬೇರೆ, ಹಕ್ಕುದಾರರೇ ದೂರು ಕೊಟ್ಟು ವಿಡಿಯೊ ತೆಗೆಸಿದಾಗ ಬೀಳುವುದು, ಅದು 90 ದಿನ ಇರುತ್ತದೆ. ಮೂರಾದರೆ ಚಾನೆಲ್ಲೇ ಹೋಗುತ್ತದೆ. ಹಾಡು ಯಾರಿಗೂ ಹಿಡಿಸದಿದ್ದರೆ ಸ್ಟ್ರೈಕ್ ಕೊಡಲು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಹತ್ತು ಜನ ಶೇರ್ ಮಾಡತೊಡಗಿದಾಗಲೇ ಕೆಳಗಿಳಿಯುತ್ತದೆ.

ಹಾಗಾದರೆ ನೆಟ್‌ನಲ್ಲಿ ‘ಫ್ರೀ’ ಎಂದು ಸಿಗುವ ಬೀಟ್? ಅದರಲ್ಲೂ ಕೊಕ್ಕೆ ಇದೆ. ಬಹಳಷ್ಟು ಫ್ರೀ ಬೀಟ್‌ಗಳು ದುಡ್ಡು ಮಾಡದ ಬಳಕೆಗೆ ಮಾತ್ರ. ದುಡ್ಡು ಕೊಟ್ಟು ಲೀಸ್ (ಬಳಕೆಯ ಪರವಾನಗಿ) ತೆಗೆದುಕೊಂಡರೂ, ಅದೇ ಬೀಟನ್ನು ಇನ್ನೂ ಎಷ್ಟೋ ಜನ ತೆಗೆದುಕೊಂಡಿರುತ್ತಾರೆ. ಅವರಲ್ಲೊಬ್ಬ ನಿಯಮ ಮೀರಿ ತನ್ನ ಹಾಡನ್ನು ಕಂಟೆಂಟ್ ಐಡಿಗೆ ಸೇರಿಸಿದರೆ ನಿಮ್ಮ ಹಾಡಿಗೆ ಕ್ಲೇಮ್ ಬೀಳುತ್ತದೆ. ಆಗ ತೋರಿಸಲು ಲೈಸೆನ್ಸ್ ಪಿಡಿಎಫ್ ಮತ್ತು ದುಡ್ಡು ಕೊಟ್ಟ ರಸೀದಿ ಎರಡೂ ಇರಬೇಕು. ನನ್ನ ಸಲಹೆ: ಊರಲ್ಲೇ ಬೀಟ್ ಮಾಡುವ ಹುಡುಗ ಹುಡುಗಿಯರಿದ್ದಾರೆ, ಅವರ ಜೊತೆ ಸೇರಿ ಹೊಸದು ಕಟ್ಟಿಸಿ. ಹಳೆಯ ಬೀಟಿನ ಬಿಪಿಎಂ (ನಿಮಿಷಕ್ಕೆ ಎಷ್ಟು ತಾಳ ಎಂಬ ವೇಗ)ಗಿಂತ ಮೂರು ನಾಲ್ಕಕ್ಕಿಂತ ಹೆಚ್ಚು ವ್ಯತ್ಯಾಸ ಮಾಡಬೇಡಿ, ಮಾಡಿದರೆ ಬರೆದದ್ದೆಲ್ಲ ತಿರುಗಿ ಬರೆಯಬೇಕು. 90 ಬಿಪಿಎಂನಲ್ಲಿ 16 ಬಾರ್ (ಒಂದು ಬಾರ್ ಅಂದರೆ ನಾಲ್ಕು ತಾಳ) ಸುಮಾರು 43 ಸೆಕೆಂಡು. ಅಷ್ಟರಲ್ಲಿ ‘ಮಾಡುತ್ತಿದ್ದೇನೆ’ ಎಂಬಂಥ ಕ್ರಿಯಾಪದ ನಾಲ್ಕು ಬಂದರೆ ಉಸಿರು ಕಟ್ಟುತ್ತದೆ, ‘ಮಾಡ್ತಿದೀನಿ’ ಆಗಬೇಕು. ಸಾಲಿನ ಕೊನೆಗೆಲ್ಲ ‘ತೀನಿ-ತೀನಿ’ ಬೀಳುವುದು ಪ್ರಾಸವಲ್ಲ, ವ್ಯಾಕರಣ. ನಮ್ಮ ಹಳಬರ ಆದಿಪ್ರಾಸ ಪ್ರಯತ್ನಿಸಿ, ಸಾಲಿನ ಎರಡನೆಯ ಅಕ್ಷರ ಹೊಂದಿಸಿದರೆ ಬೀಟ್ ಮೇಲೆ ಚೆನ್ನಾಗಿ ಕೂರುತ್ತದೆ.

‘ಪುಕ್ಕಟೆ ರೆಕಾರ್ಡಿಂಗ್’ ಕೂಡ ಪುಕ್ಕಟೆಯಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಧ್ವನಿಮುದ್ರಣದ ಕರ್ತೃ ಎಂದರೆ ನಿರ್ಮಾಪಕ, ಅಂದರೆ ಮುದ್ರಣದ ಮುಂದಾಳತ್ವ ಮತ್ತು ಜವಾಬ್ದಾರಿ ಹೊತ್ತವರು. ಪೇಪರ್ ಇಲ್ಲದೆಯೂ ಅವರು ‘ಮುದ್ರಣ ನನ್ನದು’ ಎನ್ನಬಹುದು. ಅಂದಮೇಲೆ ಪೇಪರ್ ಯಾಕೆ ಬೇಕು? ಹೆಚ್ಚಾಗಿ ನಿಮ್ಮ ಸಾಹಿತ್ಯಕ್ಕಾಗಿ, ಮುಂದಿನ ಹಾಡುಗಳಿಗಾಗಿ. ಅದೇ ಕಾಯ್ದೆಯ 19ನೇ ಸೆಕ್ಷನ್ ಓದಿ. ಹಕ್ಕು ವರ್ಗಾವಣೆ ಲಿಖಿತವಾಗಿರಬೇಕು, ಯಾವ ಕೃತಿ, ಯಾವ ಹಕ್ಕು, ಎಷ್ಟು ವರ್ಷ, ಯಾವ ಪ್ರದೇಶ, ಎಷ್ಟು ರಾಯಲ್ಟಿ ಎಂದು ಬರೆದಿರಬೇಕು. ವರ್ಷ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದು ಕಾನೂನೇ ಹೇಳುತ್ತದೆ. ಅದಕ್ಕೇ ಚಾಲಾಕಿಗಳು ‘ಶಾಶ್ವತ’, ‘ಇಡೀ ವಿಶ್ವ’ ಎಂದು ಮರೆಯದೆ ಬರೆಯುತ್ತಾರೆ. ನಿಮಗೆ 18 ತುಂಬಿಲ್ಲ, ಆದ್ದರಿಂದ ನಿಮ್ಮ ಸಹಿಯ ಒಪ್ಪಂದಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲ. ಅದು ಗೊತ್ತಿದ್ದೂ ಸೈನ್ ಕೇಳುತ್ತಿದ್ದರೆ ಹೆದರಿಸಲು ಇಟ್ಟುಕೊಳ್ಳುತ್ತಾರೆ. ಗೊತ್ತಿಲ್ಲದೆ ಕೇಳುತ್ತಿದ್ದರೆ ಇನ್ನೇನೇನು ಗೊತ್ತಿಲ್ಲವೋ.

ಶಾಂಟೆಗೆ ವಾಪಸ್ ಬರೋಣ. 1985ರಲ್ಲಿ ನ್ಯೂ ಮ್ಯೂಸಿಕ್ ಸೆಮಿನಾರ್ ಎಂಬ ಸಮಾವೇಶದ ರ‍್ಯಾಪ್ ಬ್ಯಾಟಲ್‌ನಲ್ಲಿ ಒಬ್ಬೊಬ್ಬರನ್ನೇ ಉರುಳಿಸಿ ಫೈನಲ್ ಮುಟ್ಟಿದಳು, ಬಿಜಿ ಬೀ ಎಂಬ ರ‍್ಯಾಪರ್ ಎದುರು ಸೋತಳು. ತೀರ್ಪುಗಾರರಲ್ಲೊಬ್ಬನಾದ ರ‍್ಯಾಪರ್ ಕರ್ಟಿಸ್ ಬ್ಲೋ ಬೇಕೆಂದೇ ಕಡಿಮೆ ಅಂಕ ಕೊಟ್ಟ, ಹದಿಹರೆಯದ ಹುಡುಗಿ ಗೆದ್ದರೆ ರ‍್ಯಾಪನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ ಎಂಬ ಭಯಕ್ಕೆ, ಎಂದು ಆಕೆ ಸಂದರ್ಶನಗಳಲ್ಲಿ ಹೇಳಿದ್ದಾಳೆ. ಮಾರ್ಲಿಯ ಜ್ಯೂಸ್ ಕ್ರೂ ಬಳಗದಲ್ಲಿ ಬಿಜ್ ಮಾರ್ಕಿ ಆಕೆಗೆ ಬಾಯಲ್ಲೇ ಬೀಟ್ ಹಾಕಿದ, 1987ರ ‘ಹ್ಯಾವ್ ಎ ನೈಸ್ ಡೇ’ಗೆ ಬಿಗ್ ಡ್ಯಾಡಿ ಕೇನ್ ಸಾಹಿತ್ಯ ಬರೆದ. ಬ್ರಾಂಕ್ಸ್‌ನ ಬೂಗಿ ಡೌನ್ ಪ್ರೊಡಕ್ಷನ್ಸ್ ತಂಡ ಕ್ವೀನ್ಸ್‌ಬ್ರಿಜ್ ಮೇಲೆ ಹರಿಹಾಯ್ದಾಗ ಗಂಡಸರಿಗೆ ಸಿಕ್ಕಿದ್ದು ಕಲೆಯ ಮೇಲಿನ ಟೀಕೆ, ಶಾಂಟೆಗೆ ಸಿಕ್ಕಿದ್ದು ಹೇಸಿಗೆ ಬೈಗುಳ. ನಿಮ್ಮ ಕಾಮೆಂಟ್ ಬಾಕ್ಸಿನಲ್ಲೂ ಇದೇ ಆಗುತ್ತದೆ, ಮೊದಲ ದಿನವೇ ಫಿಲ್ಟರ್ ಹಾಕಿಡಿ.

ಮೊದಲ ಆಲ್ಬಂ ‘ಬ್ಯಾಡ್ ಸಿಸ್ಟರ್’ ಬಂದದ್ದು 1989ರಲ್ಲಿ, ಆ ಮೊದಲ ಹಾಡು ಗೆದ್ದ ಐದು ವರ್ಷಕ್ಕೆ. ಅಷ್ಟರೊಳಗೆ 1988ರಲ್ಲಿ ಎಂಸಿ ಲೈಟ್ ಪೂರ್ಣ ಆಲ್ಬಂ ತಂದ ಮೊದಲ ಏಕವ್ಯಕ್ತಿ ರ‍್ಯಾಪರ್ ಹುಡುಗಿ ಎನಿಸಿಕೊಂಡಾಗಿತ್ತು. ಬಾಗಿಲು ಒಡೆದವಳಿಗಿಂತ ಮೊದಲು ಹಿಂದೆ ಬಂದವಳು ಒಳಗಿದ್ದಳು. ಇದರಲ್ಲಿ ಲೈಟ್‌ಳ ತಪ್ಪಿಲ್ಲ, ಆಕೆ ಅಪ್ರತಿಮ ಬರಹಗಾರ್ತಿ. ಶಾಂಟೆ ನಡುವೆ ಹದಿಹರೆಯದಲ್ಲೇ ತಾಯಿಯಾಗಿ, ಹೊಡೆಯುವ ಗಂಡಸಿನ ಕೈಯಿಂದ ತಪ್ಪಿಸಿಕೊಂಡು ಬದುಕಿದ್ದಳು. 1992ರಲ್ಲಿ ಇನ್ನೊಂದು ಆಲ್ಬಂ, ಅಷ್ಟೇ. ಇಪ್ಪತ್ತೈದರ ಒಳಗೆ ರೆಕಾರ್ಡಿಂಗ್ ಬದುಕು ಮುಗಿದ ಹಾಗೆಯೇ.

ಪಿಎಚ್‌ಡಿ ಕತೆ ಇಷ್ಟು. ರೆಕಾರ್ಡ್ ಕಂಪನಿಯ ಒಪ್ಪಂದದಲ್ಲಿ ‘ಬದುಕಿಡೀ ಓದಿನ ಖರ್ಚು ನಮ್ಮದು’ ಎಂಬ ಷರತ್ತಿತ್ತು, ಅದನ್ನು ಹಿಡಿದು ಕಾರ್ನೆಲ್‌ನಲ್ಲಿ ಮನಶ್ಶಾಸ್ತ್ರದ ಪಿಎಚ್‌ಡಿ ಮಾಡಿದಳು ಎಂದು 2009ರಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದು ಬರೆಯಿತು. ಎಲ್ಲರೂ ಹಂಚಿದರು. ಅದೇ ವರ್ಷ ಸ್ಲೇಟ್ ಪತ್ರಿಕೆ ವಿಚಾರಿಸಿದಾಗ ಕಾರ್ನೆಲ್‌ನಲ್ಲಿ ಆಕೆ ಓದಿದ ದಾಖಲೆಯೇ ಇರಲಿಲ್ಲ. ಮೇರಿಮೌಂಟ್ ಮ್ಯಾನ್‌ಹಟನ್ ಕಾಲೇಜಿನಲ್ಲಿ ಕೆಲವೇ ತಿಂಗಳು ಇದ್ದು ಬಿಟ್ಟಿದ್ದಳು. ಆ ಷರತ್ತಿಗೂ ಪುರಾವೆ ಸಿಗಲಿಲ್ಲ, ಮೊದಲು ಬರೆದಿದ್ದ ಪತ್ರಿಕೆ ತಿದ್ದುಪಡಿ ಹಾಕಿತು. ತಿದ್ದುಪಡಿ ಯಾರೂ ಫಾರ್ವರ್ಡ್ ಮಾಡುವುದಿಲ್ಲ, ನಿಮ್ಮವರೆಗೆ ಬಂದದ್ದು ಹಳೆಯ ಸುಳ್ಳು. ಇದರಿಂದ ಆಕೆಯ ಸಾಧನೆಯೇನೂ ಕುಗ್ಗಲಿಲ್ಲ ಅನ್ನಿ. ಆಕೆಯ ಬದುಕಿನ ಮೇಲೆ 2017ರಲ್ಲಿ ಸಿನಿಮಾ ಬಂತು, 2025ರಲ್ಲಿ ಗ್ರ್ಯಾಮಿಯ ಜೀವಮಾನ ಸಾಧನೆ ಗೌರವ ಸಿಕ್ಕಿತು. ಹಾಡು ಮಾಡಿ ನಲವತ್ತು ವರ್ಷ ಕಳೆದ ಮೇಲೆ.

ಕಾಲೇಜು ಬಿಡಬೇಡಿ. ರ‍್ಯಾಪಿಗೂ ಪಿಯುಸಿಗೂ ಜಗಳವೇ ಇಲ್ಲ, ಹದಿನಾರು ಬಾರ್ ಬಸ್ಸಿನಲ್ಲೂ ಬರೆಯಬಹುದು. ಆ ಸ್ಟುಡಿಯೊದವರಿಗೆ ‘ಪೇಪರ್ ವಾಟ್ಸ್ಆ್ಯಪ್ ಮಾಡಿ, ಮನೆಯಲ್ಲಿ ತೋರಿಸಬೇಕು’ ಎಂದು ಮೆಸೇಜ್ ಹಾಕಿ. ಕಳಿಸಿದರೆ ಅಪ್ಪ-ಅಮ್ಮ ಮತ್ತು ಪರಿಚಯದ ವಕೀಲರೊಬ್ಬರು ಓದಲಿ. ‘ಮುಂದಿನ ಎಲ್ಲ ಕೃತಿಗಳು’ ಎಂಬ ಸಾಲಿದ್ದರೆ ಹೊಡೆದುಹಾಕಿಸಿ. ಮುದ್ರಣವಾದ ದಿನವೇ ನಿಮ್ಮ ದನಿಯ ಫೈಲ್ ಬೇರೆಯಾಗಿ, 24 ಬಿಟ್ ವೇವ್‌ನಲ್ಲಿ, ಪೆನ್‌ಡ್ರೈವಿಗೆ ಹಾಕಿಸಿಕೊಳ್ಳಿ. ಬೀಟ್ ಬದಲಾದರೂ ಆ ದನಿ ಉಪಯೋಗಕ್ಕೆ ಬರುತ್ತದೆ. ಒಂದು ಹಾಳೆಯಲ್ಲಿ ಸಾಹಿತ್ಯ ಯಾರದು, ಬೀಟ್ ಯಾರದು, ಮುದ್ರಣ ಯಾರದು, ಯಾರಿಗೆ ಎಷ್ಟು ಪಾಲು ಎಂದು ಬರೆದು ಎಲ್ಲರ ಸಹಿ, ನಿಮ್ಮ ಪರವಾಗಿ ಪೋಷಕರ ಸಹಿ ಹಾಕಿಸಿ. ಸ್ಟ್ರೀಮಿಂಗ್‌ಗೆ ಹಾಕುವ ಡಿಸ್ಟ್ರಿಬ್ಯೂಟರ್ ಖಾತೆ ಸ್ಟುಡಿಯೊದವರ ಹೆಸರಲ್ಲಿ ಬೇಡ, ಮನೆಯವರ ಹೆಸರಲ್ಲಿರಲಿ. ಖಾತೆ ಯಾರದೋ ದುಡ್ಡು ಅವರಿಗೇ ಬರುತ್ತದೆ. ಪೇಪರ್ ಕಳಿಸುವುದಿಲ್ಲ, ಸ್ಟುಡಿಯೊಗೆ ಬಂದೇ ಓದಬೇಕು ಅಂದರೆ ಹೋಗಬೇಡಿ. ಫೋನಿನಲ್ಲಿ, ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು ಅದರ ಎದುರು ನಿಂತು ರೆಕಾರ್ಡ್ ಮಾಡಿದರೂ ಮೊದಲ ಹಾಡಿಗೆ ಸಾಕು. ಬಾಯಿಯಿಂದ ಒಂದು ಗೇಣು ದೂರ ಹಿಡಿಯಿರಿ, ಫ್ಯಾನ್ ಆಫ್ ಮಾಡಿ.