ಬಿಲ್ಲಿ ಫ್ಯೂರಿ ಬರೀ ಪ್ರೇಮಗೀತೆಗಳ ಗಾಯಕನಾ?

ಇಂಗ್ಲೆಂಡಿನ ಬಿಲ್ಲಿ ಫ್ಯೂರಿಯನ್ನ ಯಾಕೆ ಬಿರುಸಿನ ರಾಕ್ ಅಂಡ್ ರೋಲ್ ಗಾಯಕ ಅಂತಾರೆ, ನಾನು ಕೇಳಿದ್ದೆಲ್ಲ ನಿಧಾನದ ಪ್ರೇಮಗೀತೆಗಳೇ ಅಂತ ಕೇಳಿದ್ದೀರಿ. ನೀವು ಕೇಳಿರೋದು 1961ರ ನಂತರದ ಹಾಡುಗಳು ಇರಬೇಕು. 1960ರಲ್ಲಿ ಬಂದ 'ದಿ ಸೌಂಡ್ ಆಫ್ ಫ್ಯೂರಿ' ಆಲ್ಬಮ್ ಮೊದಲು ಕೇಳಿ. ಹತ್ತು ಇಂಚಿನ ಪುಟ್ಟ ರೆಕಾರ್ಡು, ಹತ್ತು ಹಾಡು, ಹತ್ತನ್ನೂ ಅವರೇ ಬರೆದದ್ದು. ಕೆಲವಕ್ಕೆ ಮಾತ್ರ ವಿಲ್ಬರ್ ವಿಲ್ಬರ್‌ಫೋರ್ಸ್ ಅನ್ನೋ ಬೇರೆ ಹೆಸರು ಹಾಕಿಕೊಂಡಿದ್ದರು. ಗಿಟಾರ್ ನುಡಿಸಿದ್ದು ಜೋ ಬ್ರೌನ್. ಆ ಕಾಲದಲ್ಲಿ ಇಂಗ್ಲೆಂಡಿನ ಹುಡುಗರು ಜಾಸ್ತಿ ಅಮೆರಿಕದ ಹಾಡುಗಳನ್ನೇ ಮತ್ತೆ ಹಾಡ್ತಾ ಇದ್ದಾಗ, ಇಪ್ಪತ್ತು ವರ್ಷದ ಲಿವರ್‌ಪೂಲ್ ಹುಡುಗನೊಬ್ಬ ಇಡೀ ಆಲ್ಬಮ್ ಬರೆದದ್ದು ಸಣ್ಣ ಮಾತಲ್ಲ ಅಲ್ವಾ?

ಅವರ ನಿಜವಾದ ಹೆಸರು ರೊನಾಲ್ಡ್ ವೈಚರ್ಲಿ. ದೊಡ್ಡ ಹಡಗುಗಳನ್ನ ಎಳೆಯೋ ಟಗ್ ದೋಣಿಯಲ್ಲಿ ಕೆಲಸ ಮಾಡಿದವರು. 1958ರಲ್ಲಿ ಲಿವರ್‌ಪೂಲ್ ಪಕ್ಕದ ಬರ್ಕನ್‌ಹೆಡ್‌ನಲ್ಲಿ ಆಗಿನ ಹೆಸರಾಂತ ಗಾಯಕ ಮಾರ್ಟಿ ವೈಲ್ಡ್ ಕಾರ್ಯಕ್ರಮಕ್ಕೆ ತಮ್ಮ ಹಾಡುಗಳನ್ನ ತೋರಿಸೋಕೆ ಹೋದರೆ, ಮ್ಯಾನೇಜರ್ ಲ್ಯಾರಿ ಪಾರ್ನ್ಸ್ ಇವರನ್ನೇ ವೇದಿಕೆಗೆ ಹತ್ತಿಸಿಬಿಟ್ಟರು. ಹೊಸ ಹೆಸರು ಕೊಟ್ಟದ್ದೂ ಅವರೇ.

1961ರಲ್ಲಿ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 'ಹಾಫ್‌ವೇ ಟು ಪ್ಯಾರಡೈಸ್' ಮೂರನೇ ಸ್ಥಾನಕ್ಕೆ, 'ಜೆಲಸಿ' ಎರಡನೇ ಸ್ಥಾನಕ್ಕೆ ಏರಿದವು. ಅಲ್ಲಿಂದ ಅಂಥ ಪ್ರೇಮಗೀತೆಗಳೇ ಜಾಸ್ತಿಯಾದವು. ದನಿ ಚೆನ್ನಾಗಿದೆ, ಆದರೆ ಆ ಮೊದಲ ಕಾವು ಅಲ್ಲಿಲ್ಲ ಅಂತ ನನಗೆ ಅನ್ನಿಸುತ್ತದೆ. ಮೊದಲ ಸ್ಥಾನ ಮಾತ್ರ ಅವರಿಗೆ ಒಮ್ಮೆಯೂ ಸಿಗಲಿಲ್ಲ.

ಚಿಕ್ಕಂದಿನ ರುಮ್ಯಾಟಿಕ್ ಜ್ವರದಿಂದ ಹೃದಯ ಹಾಳಾಗಿತ್ತು. 1970ರ ದಶಕದಲ್ಲಿ ಆಪರೇಷನ್‌ಗಳಾದವು. ಮತ್ತೆ ಹಾಡೋಕೆ ಶುರುಮಾಡಿದ್ದಾಗಲೇ, 1983ರ ಜನವರಿಯಲ್ಲಿ, 42ನೇ ವಯಸ್ಸಿಗೆ ತೀರಿಕೊಂಡರು. ಅದನ್ನ ನೆನೆದರೆ ಈಗಲೂ ಸಂಕಟವಾಗುತ್ತದೆ. ಆ ಆಲ್ಬಮ್ ಕೇಳಿ, ಹೇಗನ್ನಿಸಿತು ಅಂತ ಇಲ್ಲೇ ಬರೆಯಿರಿ.